ಹಲ್ಲಿನ ಡಾಕ್ಟರ ಸೈಕಲ್ ಸವಾರಿ

ಕಾರಿನಲ್ಲಿ ಹೋಗುವವರಿಗೆ ದಾರಿಯಲ್ಲಿ ಏನೂ ಆಗುವುದಿಲ್ಲ. ಆಗಬೇಕಾದರೆ ಆಕ್ಸಿಡೆಂಟೇ ಆಗಬೇಕು. ಸೈಕಲ್ಲಿನವನ ಹಣೆಬರಹ ಹಾಗಲ್ಲ. ಊರಿಗೊಬ್ಬರು ತಡೆದು ನಿಲ್ಲಿಸುತ್ತಾರೆ, ವಿಚಾರಿಸುತ್ತಾರೆ, ಮರುಕಪಡುತ್ತಾರೆ. ಭಾನುವಾರ ಬೆಳಗ್ಗೆ ಕಾವೇರಿ, ಕಪಿಲೆಯ ದಂಡೆಗಳಲ್ಲಿ ಸೈಕಲ್ ತುಳಿಯಲು ಶುರುಮಾಡಿದಂದಿನಿಂದ ನನಗೆ ಒಂದಲ್ಲ ಒಂದು ಆಗುತ್ತಲೇ ಇದೆ.

ನಾನು ಹಲ್ಲಿನ ಡಾಕ್ಟರು. ಲಷ್ಕರ್ ಮೊಹಲ್ಲಾದಲ್ಲಿ ಕ್ಲಿನಿಕ್, ಒಂಟಿಕೊಪ್ಪಲಿನಲ್ಲಿ ಮನೆ. ವಾರವೆಲ್ಲ ಬೇರೆಯವರ ಬಾಯೊಳಗೆ ಬಗ್ಗಿ ನೋಡುವವನಿಗೆ ಒಂದು ದಿನವಾದರೂ ದೂರದ್ದೇನಾದರೂ ನೋಡಬೇಕು ಅನ್ನಿಸುತ್ತದೆ. ಭತ್ತದ ಬಯಲು, ನಾಲೆ, ಹಳೇ ಕಲ್ಲಿನ ಸೇತುವೆ, ಅದರಾಚೆ ಒಂದು ಗೋಪುರ. ಅಲ್ಲಿ ಹೋದಾಗ ನನಗೆ ನಿಜವಾಗಿಯೂ ಸುಖವಾಗುತ್ತದೆ. ತೊಂದರೆ ಏನೆಂದರೆ, ಹೋಗುವಾಗಿನ ಉತ್ಸಾಹ ಬರುವಾಗ ಕಾಲಿನಲ್ಲಿ ಉಳಿದಿರುವುದಿಲ್ಲ. ಹಾಗಾಗಿ ನಾನೂ ಸೈಕಲ್ಲೂ ಒಟ್ಟಿಗೆ ಲಗೇಜ್ ಆಟೋದಲ್ಲಿ ಮನೆ ಸೇರಿದ್ದುಂಟು. ಅದೂ ಒಂದು ಸಲವಲ್ಲ. ಎದುರು ಮನೆಯವರು ಗೇಟಿಗೆ ಬಂದು ನಿಂತು ನೋಡುತ್ತಿದ್ದರು.

ಕೊನೆಗೆ ನನ್ನಾಕೆ ತೀರ್ಪು ಕೊಟ್ಟಳು. ಸೋಮನಾಥಪುರಕ್ಕೆ ಹೋಗಿ, ಯಾವ ಗಾಡಿಯನ್ನೂ ಹತ್ತದೆ, ಸೈಕಲ್ ತುಳಿದುಕೊಂಡೇ ವಾಪಸ್ ಬಂದರೆ ಸೈಕಲ್ ಇಟ್ಟುಕೊಳ್ಳಬಹುದು. ಇಲ್ಲದಿದ್ದರೆ ಅದು ಅವಳ ತಮ್ಮನ ಮಗನಿಗೆ. ಆ ಹುಡುಗ ಆಗಲೇ ಒಂದು ಸಲ ಬಂದು ಸೀಟಿನ ಎತ್ತರ ನೋಡಿಕೊಂಡು ಹೋಗಿದ್ದ.

ನಿಂಬೆಹಣ್ಣು

ಸೈಕಲ್ ಬಂದ ದಿನದ್ದನ್ನು ಮೊದಲು ಹೇಳಬೇಕು. ಹೊಸ ವಾಹನ ಅಂದಮೇಲೆ ಪೂಜೆ ಆಗಲೇಬೇಕು. ದೇವಸ್ಥಾನದ ಅರ್ಚಕರು ಮನೆಗೇ ಬಂದು ಹ್ಯಾಂಡಲ್ಲಿಗೆ ಹಾರ ಹಾಕಿ, ಮಂಗಳಾರತಿ ಮಾಡಿ, ಎರಡು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟರು. ನಾನು ಹೆಲ್ಮೆಟ್ ಹಾಕಿಕೊಂಡು ಹತ್ತಿದೆ. ಈ ಸೈಕಲ್ಲಿನ ಟೈರು ಹೆಬ್ಬೆರಳಿನಷ್ಟೇ ದಪ್ಪ, ಕಲ್ಲಿನಷ್ಟು ಗಟ್ಟಿ. ಬೂಟು ಬೇರೆ ಪೆಡಲಿಗೆ ಸಿಕ್ಕಿಕೊಳ್ಳುವಂಥದ್ದು. ನಿಂಬೆಹಣ್ಣು ಒಡೆಯಲಿಲ್ಲ, ಉರುಳಿತು. ಅದರ ಜೊತೆ ಚಕ್ರ ಜಾರಿತು, ಚಕ್ರದ ಜೊತೆ ನಾನು, ಹಾರದ ಸಮೇತ ರಂಗೋಲಿಯ ಮೇಲೆ.

ಅರ್ಚಕರು ನನ್ನ ಕಡೆ ನೋಡಲೇ ಇಲ್ಲ, ನಿಂಬೆಹಣ್ಣನ್ನು ಎತ್ತಿ ತಿರುಗಿಸಿ ನೋಡಿದರು. ಹಣ್ಣು ಒಡೆದಿಲ್ಲ, ಶಾಸ್ತ್ರ ಪೂರ್ತಿಯಾಗಿಲ್ಲ, ಇನ್ನೊಂದು ಸಲ ಹತ್ತಿ ಅಂದರು. ಹತ್ತಿದೆ, ಇನ್ನೊಂದು ಸಲ ಬಿದ್ದೆ. ಮೂರನೆಯದಕ್ಕೆ ಅವರು ಸಿದ್ಧರಾಗುತ್ತಿದ್ದಂತೆ ನನ್ನಾಕೆ ತನ್ನ ಹಳೇ ಸ್ಕೂಟರ್ ತಂದು ಎರಡೂ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಶಾಸ್ತ್ರ ಮುಗಿಸಿದಳು.

ಪೂಜೆಯ ಫಲ ಎಲ್ಲಿಗೆ ಹೋಯಿತೆಂದು ಕೇಳಬೇಕಾಗಿಲ್ಲ. ಆ ಸ್ಕೂಟರ್ ಇವತ್ತಿನವರೆಗೂ ಪಂಕ್ಚರ್ ಆಗಿಲ್ಲ.

ಸಂಗಮದ ಮೆಟ್ಟಿಲು

ಶ್ರೀರಂಗಪಟ್ಟಣದ ಸಂಗಮಕ್ಕೆ ಒಂಟಿಕೊಪ್ಪಲಿನ ಸೈಕಲ್ ಬಳಗದ ಜೊತೆ ಹೊರಟಿದ್ದೆ. ಬಳಗ ಅಂದರೆ ಎಲ್ಲರೂ ನನಗಿಂತ ಚಿಕ್ಕವರು. ಕೋಟೆಯ ಹತ್ತಿರ ಬರುವಷ್ಟರಲ್ಲಿ ಅವರ ಬೆನ್ನೂ ಕಾಣಿಸಲಿಲ್ಲ. ಅಂತೂ ಸಂಗಮ ತಲುಪಿ, ಸೈಕಲ್ ಮರಕ್ಕೆ ಒರಗಿಸಿ, ಹೆಲ್ಮೆಟ್ ತೆಗೆದು, ಮೆಟ್ಟಿಲ ಮೇಲೆ ಕುಸಿದು ಕೂತೆ. ನನ್ನ ತಲೆಯಲ್ಲಿ ಕೂದಲಿಲ್ಲ. ಹೆಗಲ ಮೇಲೆ ಬಿಳಿ ಟವೆಲ್ಲು. ಮುಖ ಹೇಗಿತ್ತೋ ದೇವರೇ ಬಲ್ಲ.

ಒಬ್ಬರು ಪುರೋಹಿತರು ಬಂದು ಎದುರಿಗೆ ಚಾಪೆ ಹಾಸಿ, ದರ್ಭೆ ಬಿಚ್ಚಿ, ಮೆಲ್ಲಗೆ ಗೋತ್ರ ಯಾವುದು ಅಂದರು. ಗೋತ್ರ ಕೇಳಿದರೆ ಹೇಳಿಬಿಡುವುದು ನಮ್ಮ ಮನೆಯವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಹೇಳಿದೆ. ನಕ್ಷತ್ರ ಕೇಳಿದರು, ಅದನ್ನೂ ಹೇಳಿದೆ. ತೀರಿಕೊಂಡವರು ತಂದೆಯವರೋ ತಾಯಿಯವರೋ ಅಂದಾಗ ಎಚ್ಚರವಾಯಿತು. ನಮ್ಮ ತಂದೆ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾರೆ, ಯಾರೂ ತೀರಿಕೊಂಡಿಲ್ಲ, ಮೈಸೂರಿನಿಂದ ಸೈಕಲ್ಲಿನಲ್ಲಿ ಬಂದೆ, ಸುಸ್ತಾಗಿದೆ ಅಷ್ಟೆ ಎಂದು ಏದುಸಿರಿನಲ್ಲೇ ವಿವರಿಸಿದೆ.

ಪುರೋಹಿತರು ನನ್ನ ಎದೆ ಏರಿಳಿಯುವುದನ್ನು ಸ್ವಲ್ಪ ಹೊತ್ತು ನೋಡಿದರು. ಚಾಪೆ ಮಡಿಸಲಿಲ್ಲ.

"ಪರವಾಗಿಲ್ಲ, ಇನ್ನೂ ಸ್ವಲ್ಪ ಹೊತ್ತು ನೋಡೋಣ" ಅಂದರು.

ಕಡಕೊಳದ ಔಷಧಿ

ನಂಜನಗೂಡಿನ ರಸ್ತೆಯಲ್ಲಿ ಕಡಕೊಳದ ಹತ್ತಿರ ಒಬ್ಬ ಅಜ್ಜಿಯ ಟೀ ಅಂಗಡಿ ಇದೆ. ಕಪಿಲೆಯ ದಂಡೆಯಿಂದ ವಾಪಸ್ ಬರುವಾಗ ಅಲ್ಲಿ ಟೀ ಕುಡಿಯುವುದು ನನ್ನ ರೂಢಿ. ಅಜ್ಜಿ ಪ್ರತಿ ಸಲವೂ ಬೆಂಚು ಒರೆಸಿ ಕೂತ್ಕಳಿ ಅನ್ನುತ್ತಿದ್ದರು. ನಾನು ಪ್ರತಿ ಸಲವೂ ಬೇಡ, ನಿಂತೇ ಕುಡಿಯುತ್ತೇನೆ ಅನ್ನುತ್ತಿದ್ದೆ. ಆ ಸಪೂರ ಸೀಟಿನ ಮೇಲೆ ಅಷ್ಟು ದೂರ ಬಂದವನಿಗೆ ಬೆಂಚು ಕಂಡರೆ ಭಯ.

ಒಂದು ಭಾನುವಾರ ಟೀ ಕೊಟ್ಟಮೇಲೆ ಅಜ್ಜಿ ಅತ್ತಿತ್ತ ನೋಡಿ, ಬಾಳೆಲೆಯಲ್ಲಿ ಸುತ್ತಿದ ಒಂದು ಪೊಟ್ಟಣ ನನ್ನ ಕೈಗಿಟ್ಟರು. ಒಳಗೆ ಮುಟ್ಟಿದರೆ ಮುನಿ ಸೊಪ್ಪು. ಮಜ್ಜಿಗೆಯಲ್ಲಿ ಅರೆದು ಬೆಳಗ್ಗೆ ಬೆಳಗ್ಗೆ ಕುಡಿಯಬೇಕಂತೆ. ಅವರ ಯಜಮಾನರಿಗೂ ಮೂಲವ್ಯಾಧಿ ಇತ್ತಂತೆ, ಇದರಲ್ಲೇ ವಾಸಿಯಾಯಿತಂತೆ. ನಾನು ನಾಚಿ ನೀರಾಗಿ, ನನಗೆ ಅಂಥದ್ದೇನೂ ಇಲ್ಲ, ಇದು ಸೈಕಲ್ ಸೀಟಿನ ನೋವು, ಜೊತೆಗೆ ನಾನೂ ಡಾಕ್ಟರೇ ಅಂದೆ.

ಅಜ್ಜಿ ತಾಯಿಯ ಹಾಗೆ ನಕ್ಕರು. "ನಮ್ಮೆಜಮಾನ್ರೂ ಎತ್ತಿನ ಗಾಡಿ ಮೇಲೇ ತಪ್ಪು ಹಾಕ್ತಿದ್ರು ಕಣಪ್ಪ. ಸೊಪ್ಪು ತಕಂಡೋಗು."

ಸೋಮನಾಥಪುರ

ಕೊನೆಗೂ ಪರೀಕ್ಷೆಯ ದಿನ ಬಂತು. ಬನ್ನೂರಿನ ದಾರಿ ಹಿಡಿದು, ನಾಲೆ, ಗದ್ದೆ, ಕಬ್ಬಿನ ಗಾಡಿ ಎಲ್ಲವನ್ನೂ ದಾಟಿ ಸೋಮನಾಥಪುರ ಮುಟ್ಟಿದೆ. ದೇವಸ್ಥಾನದ ಗೋಡೆಯಲ್ಲಿ ಸಾಲಾಗಿ ನಿಂತ ಕಲ್ಲಿನ ಆನೆಗಳನ್ನು ನೋಡಿದಾಗ ನಾನೂ ಏನೋ ಸಾಧಿಸಿದೆ ಅನ್ನಿಸಿ ಕಣ್ಣು ತುಂಬಿ ಬಂತು. ಅರ್ಧ ಗೆದ್ದಿದ್ದೆ. ಇನ್ನು ಮನೆ ಸೇರಬೇಕಿತ್ತು.

ವಾಪಸ್ ಬರುವ ದಾರಿಯಲ್ಲಿ ಒಂದು ಹಳ್ಳಿಯ ಅರಳೀಕಟ್ಟೆಯ ಮೇಲಿಂದ ಯಾರೋ ಕೂಗಿದರು. ನೋಡಿದರೆ ನನ್ನ ಪೇಷೆಂಟು, ಹಿರಿಯ ಗೌಡರು. ಮೇಲಿನದೂ ಕೆಳಗಿನದೂ ಎರಡೂ ಹಲ್ಲಿನ ಸೆಟ್ಟು ನಾನೇ ಕಟ್ಟಿದ್ದು. ಕಟ್ಟೆಯ ಮೇಲಿದ್ದವರಿಗೆಲ್ಲ ಹಲ್ಲು ತೆಗೆದು ತೋರಿಸಿ ನನ್ನ ಪರಿಚಯ ಮಾಡಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

"ಕಾರು ಎಲ್ಲೋಯ್ತು ಸಾ? ಕಷ್ಟ ಯಾರಿಗ್ ಬರಲ್ಲ. ನಮ್ತಾವ ಮುಚ್ಚಿಡಬ್ಯಾಡಿ."

ಕಾರು ಮನೆಯಲ್ಲೇ ಇದೆ, ಇದು ನನ್ನ ಹವ್ಯಾಸ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಬಿಸಿಲಿನಲ್ಲಿ ಡಾಕ್ಟರನ್ನು ಹೀಗೆ ಕಳಿಸಿದರೆ ಊರಿನ ಮರ್ಯಾದೆ ಹೋಗುತ್ತದೆ ಎಂದು ಮನೆಗೆ ಕರೆದುಕೊಂಡು ಹೋದರು. ಬೂಟು ಬಿಚ್ಚಿಸಿ ಕಾಲಿಗೆ ನೀರು ಕೊಟ್ಟರು. ಮುದ್ದೆ, ಅವರೆಕಾಳಿನ ಸಾರು. ಬೇಡ ಅಂದಹಾಗೆಲ್ಲ ಇನ್ನೊಂದು ಸೌಟು. ಊಟವಾದಮೇಲೆ ಜಗಲಿಯ ಮೇಲೆ ಸುಮ್ಮನೆ ಒರಗಿದೆ, ನಿದ್ದೆ ಹತ್ತಿತು.

ಎದ್ದಾಗ ಸೈಕಲ್ ಇರಲಿಲ್ಲ. ಗೌಡರು ಒಳ್ಳೇ ಸುದ್ದಿ ಹೇಳುವವರ ಹಾಗೆ ಬಂದು ಕೂತರು. ಮಗನ ಟೆಂಪೋ ಎಳನೀರು ಹೇರಿಕೊಂಡು ಮೈಸೂರಿಗೆ ಹೊರಟಿತ್ತಂತೆ. ಅದರಲ್ಲಿ ಸೈಕಲ್, ಹೆಲ್ಮೆಟ್, ಬೂಟು ಎಲ್ಲ ಜೋಪಾನವಾಗಿ, ಊಟ ಮಾಡುವಾಗ ನಾನೇ ಹೇಳಿದ್ದ ಒಂಟಿಕೊಪ್ಪಲಿನ ವಿಳಾಸಕ್ಕೆ ಕಳಿಸಿದರಂತೆ. ಉಂಡು ಮಲಗಿದವರನ್ನು ಎಬ್ಬಿಸಬಾರದು, ಡಾಕ್ಟರನ್ನು ಎಳನೀರಿನ ಮೇಲೆ ಕೂರಿಸಲೂಬಾರದು, ಅದಕ್ಕೆ ಸಂಜೆ ಅಳಿಯನ ಕಾರಿನಲ್ಲಿ ನನ್ನನ್ನು ಬಿಡುವ ಏರ್ಪಾಡು. ನನ್ನ ಫೋನು ಸೀಟಿನ ಕೆಳಗಿನ ಚೀಲದಲ್ಲಿತ್ತು. ಹೆಂಡತಿಯ ನಂಬರು ನನಗೆ ಬಾಯಿಗೆ ಬರುವುದಿಲ್ಲ.

ಕಾರು ಹತ್ತಿದರೆ ಸೋತ ಹಾಗೆ. ನಾನು ಗೌಡರ ಕೈ ಹಿಡಿದು ಪಣದ ವಿಷಯ ಬಿಚ್ಚಿ ಹೇಳಿದೆ. ಹೆಂಡತಿಯ ಹತ್ತಿರ ಪಣ ಅಂದಕೂಡಲೇ ಅವರಿಗೆ ಎಲ್ಲ ಅರ್ಥವಾಯಿತು. ಕೊಟ್ಟಿಗೆಯಿಂದ ತಮ್ಮ ಕರೀ ಸೈಕಲ್ ತಂದು, ಗಾಳಿ ಹೊಡೆಸಿ, ಬರಿಗೈಲಿ ಹೋಗಬಾರದೆಂದು ಕ್ಯಾರಿಯರ್‌ಗೆ ಒಂದು ಬಾಳೆಗೊನೆ ಕಟ್ಟಿದರು. ಅವರ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಆ ಸೈಕಲ್ಲಿನ ಭಾರ ನನಗೆ ಗೊತ್ತು, ನನ್ನ ಮಂಡಿಗೆ ಗೊತ್ತು. ಏರಿನಲ್ಲೆಲ್ಲ ಬಾಳೆಗೊನೆ ನನ್ನನ್ನು ಹಿಂದಕ್ಕೆ ಎಳೆಯುತ್ತಿತ್ತು. ಆದರೂ ತುಳಿದೆ. ದೀಪ ಹಚ್ಚುವ ಹೊತ್ತಿಗೆ ನಮ್ಮ ಬೀದಿಗೆ ಬಂದಾಗ ಎದುರು ಮನೆಯವರೆಲ್ಲ ಗೇಟಿನಲ್ಲೇ ಇದ್ದರು. ನನ್ನಾಕೆ ಜಗಲಿಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ನನ್ನ ಸೈಕಲ್. ಗಾಬರಿಯಾಯಿತೇನೇ ಅಂದೆ. ಟೆಂಪೋದವನು ಇಳಿಸಿ ಹೊರಟೇಬಿಟ್ಟ, ಫೋನ್ ಮಾಡಿದೆ, ಸೈಕಲ್ಲೇ ರಿಂಗ್ ಆಯಿತು, ಎಲ್ಲೋ ಉಂಡು ಮಲಗಿರುತ್ತಾರೆ ಅಂತ ಗೊತ್ತಾಯಿತು ಅಂದಳು.

ನಾನು ಉಸಿರು ಸುಧಾರಿಸಿಕೊಂಡು, ಗೌಡರ ಮನೆಯ ಕಥೆ ಹೇಳಿ, ನನ್ನ ವಾದ ಮಂಡಿಸಿದೆ. ಗಾಡಿ ಹತ್ತಿದ್ದು ಸೈಕಲ್ಲು, ನಾನಲ್ಲ. ನಾನು ಹೋಗಿದ್ದೂ ತುಳಿದುಕೊಂಡೇ, ಬಂದಿದ್ದೂ ತುಳಿದುಕೊಂಡೇ. ಪಣ ಗೆದ್ದಿದ್ದೇನೆ.

ಅವಳು ಎದ್ದು ಬಂದು ಗೌಡರ ಸೈಕಲ್ಲನ್ನು ಒಂದು ಸುತ್ತು ನೋಡಿದಳು. ಸ್ಟ್ಯಾಂಡ್ ಒದ್ದು ನೋಡಿದಳು, ಬೆಲ್ಲು ಬಾರಿಸಿದಳು, ಬಾಳೆಗೊನೆ ಬಿಚ್ಚಿ ಕ್ಯಾರಿಯರ್ ಅಲ್ಲಾಡಿಸಿದಳು.

"ಒಪ್ಕೊಂಡೆ, ನೀವು ಗೆದ್ರಿ. ಸೈಕಲ್ ಇಟ್ಕೊಳ್ಳಿ" ಅಂದಳು. "ನಾಳೆಯಿಂದ ಮಾರ್ಕೆಟ್ಟಿಗೆ ಇದ್ರಲ್ಲೇ ಹೋಗಿ ಬನ್ನಿ. ಜಗಲಿ ಮೇಲಿರೋದನ್ನ ಗೌಡರಿಗೆ ಕಳಿಸ್ಕೊಡಿ, ಪಾಪ, ಅವರಿಗೂ ಒಂದು ಬೇಕಲ್ಲ."