ಸಾವೊ ಗಲ್ಲಿಯಲ್ಲಿ ಉಳಿದುಹೋದ ಸರ್ಕಾರಿ ಮರದ ವಿಚಾರ

ನಗರದ ನೆರಳು ಯೋಜನೆಯ ಮುಖ್ಯಾಧಿಕಾರಿಗಳಿಗೆ, ಜಕಾರ್ತಾ.

ಮಾನ್ಯರೇ,

ತಮಗೂ ತಮ್ಮ ಕೊಠಡಿಯ ಏಸಿಗೂ ಸಾವೊ ಗಲ್ಲಿಯ ನಲವತ್ತೊಂದು ಮನೆಗಳ ಬೆವರಿದ ಕೈಗಳ ನಮಸ್ಕಾರ. ನಮ್ಮ ವಶದಲ್ಲಿರುವ ಒಂದು ಸರ್ಕಾರಿ ಮರವನ್ನು ಕೂಡಲೇ ಹಿಂದಿರುಗಿಸಬೇಕೆಂಬ ತಮ್ಮ ನೋಟಿಸು ತಲುಪಿದೆ. ಗಲ್ಲಿಗೆ ಹಿರಿಯನಾದ್ದರಿಂದ ಉತ್ತರಿಸುವ ಭಾಗ್ಯ ನನ್ನ ಪಾಲಿಗೆ ಬಂದಿದೆ.

ಎರಡು ಬೈಕು ಎದುರಾದರೆ ಒಂದು ಯಾರದಾದರೂ ಅಡುಗೆಮನೆಗೆ ನುಗ್ಗಬೇಕಾದ ಈ ಗಲ್ಲಿಗೆ ಕಳೆದ ಸೆಪ್ಟೆಂಬರಿನಲ್ಲಿ ತಾವು ಮೂವತ್ತೆರಡು ಕುಂಡಗಳಲ್ಲಿ ಮೂವತ್ತೆರಡು ಗಸಗಸೆ ಹಣ್ಣಿನ ಮರಗಳನ್ನು ತರಿಸಿ, ಟೇಪು ಕತ್ತರಿಸಿ, ನೆರಳು ಪ್ರತಿಯೊಬ್ಬರ ಹಕ್ಕೆಂದು ಕೊಡೆಯಡಿ ನಿಂತು ಭಾಷಣ ಮಾಡಿದಿರಿ. ಹನ್ನೊಂದಕ್ಕೆ ತಮ್ಮ ಕಾರು ಹೊರಟಿತು, ಹನ್ನೊಂದೂಕಾಲಿಗೆ ಮರಗಳೂ ಗಲ್ಲಿಯ ಬಾಯಲ್ಲಿ ನಿಂತಿದ್ದ ಲಾರಿ ಹತ್ತತೊಡಗಿದವು. ಒಂದೇ ಬೆಳಿಗ್ಗೆ ಕಾಡು ಬೆಳೆಸಿ ಅದನ್ನು ಸಾಗಿಸಿಯೂಬಿಡುವ ಇಂಥ ದಕ್ಷತೆಯನ್ನು ನಾವು ಹಿಂದೆಂದೂ ಕಂಡಿರಲಿಲ್ಲ.

ಲೋಪವಾದದ್ದು ನಮ್ಮಿಂದಲೇ. ಬಾಳೆಹಣ್ಣಿನ ಬಜ್ಜಿ ಮಾರುವ ವಾರ್ಸಿನಿಯವರ ಗಂಡ ಕುಸ್ನಾದಿ ಹೃದಯದ ಕಾಯಿಲೆಯವರು. ತಗಡಿನ ಮಾಡಿನ ಕೆಳಗೆ ನಾಲ್ಕು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಮರಗಳು ಬಂದವೆಂದು ಆಕೆ ಅವರನ್ನು ಕುರ್ಚಿಸಮೇತ ಹೊರಗೆ ತಂದು ಕೊನೆಯ ಕುಂಡದ ಪಕ್ಕ ಕೂರಿಸಿದ್ದರು. ತಮ್ಮ ಭಾಷಣ ಶುರುವಾದೊಡನೆ ಅವರಿಗೆ ನಿದ್ದೆ ಹತ್ತಿತು. ಅದಕ್ಕಾಗಿ ನಾವು ತಮಗೆ ಸದಾ ಋಣಿಗಳು.

ಲಾರಿಯವನು ಆ ಕುಂಡಕ್ಕೆ ಕೈಹಾಕಿದಾಗ ಆಕೆ ಅದರ ಅಂಚಿನ ಮೇಲೇ ಕೂತುಬಿಟ್ಟರು.

“ಏಳಿ ಅಮ್ಮಾ, ಇದು ಪಕ್ಕದ ಗಲ್ಲಿಗೆ ಹೋಗ್ಬೇಕು. ಸಾಹೇಬ್ರು ಆಗ್ಲೇ ಅಲ್ಲಿ ಕಾಯ್ತಿದಾರೆ.”

“ನನ್ನ ಗಂಡ ಎದ್ದ ಮೇಲೆ ತಗೊಂಡು ಹೋಗಪ್ಪ.”

“ಯಾವಾಗ ಏಳ್ತಾರೆ?”

“ಅದನ್ನ ಕೇಳೋಕೆ ಎಬ್ಬಿಸ್ಬೇಕಲ್ಲ.”

ಕುಸ್ನಾದಿ ಎದ್ದದ್ದು ಸಂಜೆ ಐದಕ್ಕೆ. ಅಷ್ಟರಲ್ಲಿ ಲಾರಿ ಹೊರಟುಹೋಗಿತ್ತು. ಮರ ತಮ್ಮದೆಂಬುದು ನಮಗೆ ಗೊತ್ತಿತ್ತು, ಆದರೆ ಬೇರಿಗೆ ಯಾರೂ ತಿಳಿಸಲಿಲ್ಲ. ಅದು ಮಳೆಗಾಲದಲ್ಲಿ ಕುಂಡವನ್ನು ಸೀಳಿತು, ನಾವು ನಾಲ್ಕು ಕಾಂಕ್ರೀಟ್ ಚಪ್ಪಡಿ ಕಿತ್ತು ಅದಕ್ಕೆ ನೆಲ ತೋರಿಸಿದೆವು. ಈಗ ಅದು ಮೂರು ಮನೆಗಳ ಮಾಡಿನ ಮೇಲೆ ಕೊಂಬೆ ಚಾಚಿದೆ. ದಾಟುವುದು ಅನುಮಾನವೆಂದು ವೈದ್ಯರು ಹೇಳಿದ್ದ ವರ್ಷವನ್ನು ಕುಸ್ನಾದಿ ದಾಟಿದ್ದಾರೆ, ಕಾಂಡಕ್ಕೆ ಬೈಕು ಒರಗಿಸುವವರನ್ನು ಬೈಯುವಷ್ಟು ಉಸಿರೂ ಅವರಿಗೆ ಬಂದಿದೆ.

ಆದ್ದರಿಂದ ತಾವು ಮರವನ್ನು ಧಾರಾಳವಾಗಿ ಒಯ್ಯಬಹುದು. ಒಂದೇ ಕೋರಿಕೆ: ಹನ್ನೊಂದರಿಂದ ಮೂರರವರೆಗಿನ ನೆರಳನ್ನು ಮಾತ್ರ ಇಲ್ಲೇ ಬಿಟ್ಟುಹೋಗಿ. ಅದು ಸಾಧ್ಯವಾಗದಿದ್ದರೆ ಅಷ್ಟು ಹೊತ್ತು ಸೂರ್ಯನಿಗೂ ಒಂದು ನೋಟಿಸು ಕಳಿಸುವ ಕೃಪೆ ಮಾಡಿ. ಲಾರಿ ಬಂದ ದಿನ ಕುರ್ಚಿಯನ್ನು ಸರಿಸಲು ಕುಸ್ನಾದಿಯವರ ಅಪ್ಪಣೆ ಪಡೆಯಬೇಕಾಗುತ್ತದೆ, ಕುಂಡವಿದ್ದ ಜಾಗದಲ್ಲಿ ಈ ಸಲ ನಲವತ್ತೊಂದು ಮನೆಗಳವರೂ ಕೂತಿರುತ್ತೇವೆ.

ನೆರಳಿನಲ್ಲಿದ್ದು ಬರೆಯುತ್ತಿರುವ ತಮ್ಮ ವಿಶ್ವಾಸಿ,
ಸುಕಾರ್ದಿ

ಮರೆತ ಮಾತು: ನೋಟಿಸು ತಂದ ತಮ್ಮ ಜವಾನರು ಇನ್ನೂ ಕಚೇರಿಗೆ ಮರಳಿಲ್ಲವೆಂದು ಗಾಬರಿಯಾಗಬೇಡಿ. ನೆರಳು ಯೋಜನೆಯ ಕಚೇರಿಯ ಅಂಗಳದಲ್ಲಿ ಒಂದೂ ಮರವಿಲ್ಲವಂತೆ. ಮೂರನೆಯ ಬಜ್ಜಿ ತಿನ್ನುತ್ತ, ಬಿಸಿಲು ಇಳಿದ ಮೇಲೆ ಹೊರಡುವುದಾಗಿ ಹೇಳಿದ್ದಾರೆ.