ಲಗತ್ತಿಸಿದ ಕಾಗದದಲ್ಲಿ ಇದ್ದಂತೆ

ಯಾರೂ ಓದದ ಕಾಗದಕ್ಕೇ ಮರ್ಯಾದೆ ಹೆಚ್ಚು. ಚಿಕ್ಕೋಡಿಯ ನೋಂದಣಿ ಕಚೇರಿಯ ಮುಂದೆ ಮೂವತ್ತು ವರ್ಷ ಕೂತು ಖರೀದಿ ಪತ್ರ, ಆಸ್ತಿ ಪಾಲಿನ ವಾಟಣಿ ಪತ್ರ ಬರೆದ ಈ ಬಾಂಡ್ ರೈಟರ್ ಕಲಿತದ್ದು ಇಷ್ಟೇ. ಗಡಿ, ದಾರಿ, ನೀರು ಎಂದು ಜಗಳದ ವಿಷಯ ಬಂತೋ, ನನ್ನ ಪೆನ್ನು ತಾನಾಗಿಯೇ ಓಡುತ್ತಿತ್ತು: "ಈ ಕುರಿತು ಲಗತ್ತಿಸಿದ ಹಳೆಯ ಕಾಗದದಲ್ಲಿ ಇದ್ದಂತೆ ನಡೆಯತಕ್ಕದ್ದು, ಸದರಿ ಕಾಗದವು ಈ ಪತ್ರದ ಭಾಗವೆಂದು ತಿಳಿಯತಕ್ಕದ್ದು." ಬರೆಯುವವನಿಗೆ ತ್ರಾಸಿಲ್ಲ, ಬರೆಸುವವನಿಗೆ ಅನುಮಾನವಿಲ್ಲ. ಆ ಕಾಗದದಲ್ಲಿ ಏನಿದೆ ಎಂದು ಕೇಳಿದವರೇ ಇಲ್ಲ.

ಕೇಳುವುದಾದರೂ ಹೇಗೆ? ನಮ್ಮ ಕಡೆಯ ಹಳೆಯ ಕಾಗದಗಳೆಲ್ಲ ಮರಾಠಿಯ ಹಳೆಯ ಮೋಡಿ ಲಿಪಿಯವು. ಮರಾಠಿ ಬಲ್ಲವರಿಗೂ ಆ ಗೀಚು ತಿಳಿಯದು. ನಿಪ್ಪಾಣಿಯ ಒಬ್ಬ ಮುದುಕರನ್ನು ಬಿಟ್ಟರೆ ಮೋಡಿ ಓದುವವನು ನಾನೊಬ್ಬನೇ ಎಂದು ಜನ ನಂಬಿದ್ದರು. ನನಗೆ ಬರುತ್ತಿದ್ದುದು ಮೇಲಿನ 'ಶ್ರೀ' ಒಂದೇ. ಉಳಿದದ್ದಕ್ಕೆ ಹುಬ್ಬು ಗಂಟಿಕ್ಕಿ ತುಟಿ ಅಲ್ಲಾಡಿಸುತ್ತಿದ್ದೆ. ಹೊಟ್ಟೆಪಾಡು ಸ್ವಾಮಿ!

ಎಂಬತ್ತರ ದಶಕದ ಕೊನೆಗೆ ನಮ್ಮ ಮನೆಯೇ ಪಾಲಾಯಿತು. ಏಕಸಂಬಿಯ ಹತ್ತಿರದ ಹೊಲದಲ್ಲಿ ಮೇಲಿನ ಭಾಗ ಅಣ್ಣನಿಗೆ, ಕೆಳಗಿನದು ನನಗೆ. ಬಾವಿ ಮಾತ್ರ ಒಂದೇ. ಅಜ್ಜನ ಕಾಲದ ಮೋಡಿ ಕಾಗದ ತೆಗೆದು ಅಣ್ಣ ಕೇಳಿದ, "ನೀರಿನ ಪಾಳಿ ಹೆಂಗಂತ ಬರದಾರೋ ತಮ್ಮಾ?" ಇಬ್ಬರು ಸಾಕ್ಷಿದಾರರು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಇಬ್ಬರಿಗೂ ಮೂರ್ ಮೂರ್ ದಿನಾ ಅಂತ ಐತಿ" ಎಂದೆ. ಮಾಮೂಲಿ ಸಾಲು ಬರೆದು ಕಾಗದ ಲಗತ್ತಿಸಿದೆ.

ಎರಡು ವರ್ಷ ಕಳೆದು ಅಣ್ಣನಿಗೆ ಅದೇನು ಅನುಮಾನ ಬಂತೋ, ನಿಪ್ಪಾಣಿಗೆ ಹೋಗಿ ಆ ಮುದುಕರಿಂದ ಓದಿಸಿಕೊಂಡು ಬಂದ. ಹಿರಿಯನ ಬೆಳೆ ತಣಿದ ಮೇಲೆ ಉಳಿದ ನೀರು ಕಿರಿಯನಿಗೆ ಎಂದಿತ್ತಂತೆ! ಬೇಸಿಗೆಯಲ್ಲಿ ಯಾರ ಬೆಳೆ ತಣಿಯುತ್ತದೆ ಹೇಳಿ? ಅಣ್ಣ ನನ್ನ ನೀರು ನಿಲ್ಲಿಸಿದ. ನನ್ನ ಓದನ್ನೇ ನಂಬಿದ್ದ ಊರೆಲ್ಲ ಅವನನ್ನು ನೀರುಗಳ್ಳ ಎಂದಿತು. ಒಂದು ಸಂಜೆ ಅವನೇ ನಮ್ಮ ಕಟ್ಟೆಗೆ ಬಂದು ಕೂತ.

"ತಮ್ಮಾ, ಸಾಕ್ಷಿದಾರರ ಮುಂದ ಮೋಡಿ ಓದಾಕ ಬರೂದಿಲ್ಲ ಅಂತ ಒಪ್ಕೋ. ಮೂರ್ ದಿನದ ನೀರು ನಾನ ಕೊಡ್ತೀನಿ. ನನ್ನ ಹೆಸರಷ್ಟು ಉಳಸು."

ಒಳಗಿನಿಂದ ನನ್ನ ಹೆಂಡತಿ, "ಹೇಳಿಬಿಡ್ರೀ, ಏನ್ ಹೋಗತೈತಿ?" ಎಂದಳು. ಏನು ಹೋಗುತ್ತದೆ! ಅನ್ನ ಹೋಗುತ್ತದೆ. ನಾಳೆ ನೋಡೋಣ ಎಂದೆ. ಆ ಮಳೆಗಾಲದಲ್ಲಿ ನಿಪ್ಪಾಣಿಯ ಮುದುಕರು ತೀರಿಕೊಂಡರು. ನನಗೆ ಸಮಾಧಾನವಾಯಿತು. ಥೂ, ನನ್ನ ಜನ್ಮಕ್ಕೆ!

ಕೊನೆಗೆ ಸಾಕ್ಷಿದಾರರು ಅಣ್ಣನನ್ನು ಕರೆತಂದು ಅದೇ ಕಾಗದವನ್ನು ನನ್ನ ಕೈಗೆ ಕೊಟ್ಟರು. "ನಿಮ್ಮಣ್ಣ ಏನೇನೋ ಅಂತಾನ್ರಿ. ಇನ್ನ ಓದಾವ್ರು ನೀವೊಬ್ಬರ. ಇನ್ನೊಮ್ಮೆ ಓದಿ ಹೇಳ್ರಿ." ಅಣ್ಣ ನನ್ನ ಮುಖ ನೋಡಿದ. ನಾನು ಕಾಗದ ನೋಡಿದೆ. "ಮೂರ್ ಮೂರ್ ದಿನಾ ಅಂತನ ಐತ್ರಿ" ಎಂದೆ.

ನೀರು ಬಂತು, ಕಬ್ಬು ಚೆನ್ನಾಗಿದೆ. ಅಣ್ಣ ನನ್ನ ಪಾಳಿಯ ದಿನ ತಪ್ಪದೆ ಪಂಪು ಹಚ್ಚುತ್ತಾನೆ. ಮಾತು ಬಿಟ್ಟು ಆರು ವರ್ಷವಾಯಿತು. ನನಗೆ ಮಾತ್ರ ಗಿರಾಕಿ ಹೆಚ್ಚಾಗಿದ್ದಾರೆ. ಅಥಣಿ, ರಾಯಬಾಗದಿಂದಲೂ ಮೋಡಿ ಕಾಗದ ಹಿಡಿದು ಬರುತ್ತಾರೆ, ಒಡಹುಟ್ಟಿದವನ ಮುಲಾಜಿಗೂ ಬೀಳದೆ ಇದ್ದದ್ದನ್ನು ಇದ್ದಂತೆ ಓದುವ ಮನುಷ್ಯ ಇವನು ಎಂದು.