ಮನಸ್ಸು ಬಿಚ್ಚುವ ಇಲಾಜು

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ಹುಮನಾಬಾದಿಗೆ ಮನಶ್ಶಾಸ್ತ್ರವನ್ನು ತಂದ ಮಹಾಪುರುಷ ನಾನೇ. (ಊರಿಗೆ ಇದಿನ್ನೂ ಗೊತ್ತಿಲ್ಲ, ಊರಿನ ದುರ್ದೈವ.) ತುರ್ತು ಅಗತ್ಯವೂ ಇತ್ತು. ದಿನಾ ಊಟಕ್ಕೆ ಕೂತು ನಾನು ರೊಟ್ಟಿಯಲ್ಲಿ ಹುಳುಕು ತೆಗೆಯುವುದು, ಹೆಂಡತಿ ಕಸ್ತೂರಿಬಾಯಿ ಸಿಡಿಯುವುದು ನಡೆದೇ ಇತ್ತು. ಕೊನೆಗೆ ಆಕೆ, "ನಾಳಿ ನಮ್ಮಣ್ಣ ಗಾಡಿ ತರತಾನ. ನಾ ಕಲ್ಯಾಣಕ್ಕ, ತವರಿಗೆ ಹೋಗಾಕಿ. ತಿರುಗಿ ಬರೂದು ಖಾತ್ರಿ ಇಲ್ಲ" ಎಂದಳು.

ಹೈದರಾಬಾದಿನ ಉರ್ದು ಮಾಸಿಕವೊಂದರಲ್ಲಿ ಓದಿದ್ದೆ: ರೋಗಿ ಮಲಗಿ ಮನಸ್ಸಿಗೆ ಬಂದದ್ದೆಲ್ಲ ಸೋಸದೆ ಹೇಳಬೇಕು. ವೈದ್ಯ ತಲೆಯ ಹಿಂದೆ ಕೂತು ಕೇಳಬೇಕು, ಬುದ್ಧಿ ಹೇಳಬಾರದು. ಹೇಳುತ್ತ ಹೇಳುತ್ತ ಬಾಲ್ಯದ ನೋವು ಮೇಲೆದ್ದು ಇಂದಿನ ಸಿಡುಕಿನ ಬೇರು ಕಾಣುತ್ತದೆ. ಆಕೆಯ ಸಿಟ್ಟಿಗೆ ಇದೇ ಮದ್ದು ಎಂದು ಮಲಗಲು ಹಗ್ಗದ ಹೊರಸು ಹಾಕಿದೆ.

"ಮಲಕೋ."

"ಹಾಡಹಗಲಿ ಮಲಗಾಕ ನಾ ಏನ್ ಬಾಣಂತೇನ್ರಿ? ಜ್ವಾಳ ಹಸನ ಮಾಡೂದೈತಿ. ಹ್ಯಾಂಗಂತ ನೀವ ಮಲಗಿ ತೋರಸ್ರಿ."

ಗುರುವಾದವನು ಮಾಡಿ ತೋರಿಸಬೇಕಲ್ಲ, ಮಲಗಿದೆ. ಆಕೆ ಮೊರ ಹಿಡಿದು ನನ್ನ ತಲೆಯ ಹಿಂದೆ ಕೂತಳು.

ನಾನು ಕಲಿಸುವ ಶಾಲೆ, ಹೆಡ್‌ಮಾಸ್ತರು, ನನ್ನ ನೆಗಡಿ ಎಲ್ಲ ಹೇಳಿದೆ. "ಹೂಂ" ಎಂದಳು. ಬರಬರುತ್ತ ಮಾತಿನಲ್ಲಿ ಅಪ್ಪ ಬಂದರು. ರೊಟ್ಟಿ ದಪ್ಪವಾಯಿತೆಂದು ಅವರು ತಾಟು ಎಸೆಯುತ್ತಿದ್ದದ್ದು, ನಾನು ಜೋಳದ ಚೀಲದ ಹಿಂದೆ ಅಡಗುತ್ತಿದ್ದದ್ದು.

"ಮುಂದ?"

ಮುಂದೆ ಹೇಳುವುದು ಬಿಟ್ಟು ಹಿಂದಕ್ಕೆ ಕಿವಿಗೊಟ್ಟೆ. ಮೊರದಲ್ಲಿ ಕಾಳು ಸರಿಯುವ ಸದ್ದಷ್ಟೇ.

"ಯಾಕ ಸುಮ್ಮ ಕೂತೀರಿ? ನನ್ನ ಮ್ಯಾಲ ಸಿಟ್ಟೇನ್ರಿ?" ಎಂದೆ. (ಹೆಂಡತಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.)

"ನಾ ಕಲ್ಲು ಆರಸಾಕತ್ತೇನ್ರಿ. ಸಿಟ್ಟು ನಿಮ್ಮಪ್ಪಂದು."

ರೋಗಿಯು ತನ್ನ ಹಿರಿಯರ ಸಿಟ್ಟನ್ನು ವೈದ್ಯನ ಮೇಲೆ ಹೊರಿಸಿ ನೋಡುತ್ತಾನೆಂದು ಹೇಳಲು ಮಾಸಿಕಕ್ಕೆ ಮೂರು ಪುಟ ಹಿಡಿದಿತ್ತು. ಶಾಲೆಯ ಮುಖ ಕಾಣದ ನನ್ನ ಹೆಂಡತಿಗೆ ಎರಡೇ ಮಾತು ಸಾಕಾದವು. ನನ್ನ ಎದೆ ಉಬ್ಬಿತು.

"ಅವರು ತಾಟು ಒಗೀತಿದ್ರು, ನೀವು ಬರೇ ಹುಳುಕು ತಗೀತೀರಿ," ಎಂದು ಸಮಾಧಾನ ಹೇಳಿದಳು. "ಅಷ್ಟರ ಸುಧಾರಿಸೀರಿ."

ಮರುದಿನ ಆಕೆಯ ಅಣ್ಣ ಮಹಾರುದ್ರಪ್ಪ ಗಾಡಿ ಕಟ್ಟಿಕೊಂಡು ಬಂದ.

"ಅಣ್ಣಾ, ಗಾಡಿ ತಿರುಗಿಸಪಾ," ಎಂದಳು ಕಸ್ತೂರಿಬಾಯಿ. "ಇವರದು ಸಣ್ಣಂದಿನ ಬ್ಯಾನಿ. ವಾರಕ್ಕ ಎರಡು ಸಲ ಮಲಗಿಸಬೇಕು, ವರ್ಷಗಟ್ಟಲೆ ಹಿಡೀತೈತಿ. ಹಿಂಗಿದ್ದವರನ್ನ ಬಿಟ್ಟು ಹ್ಯಾಂಗ ಬರಲಿ?"

ಮಹಾರುದ್ರಪ್ಪ ನನ್ನನ್ನು ಮರುಕದಿಂದ ನೋಡಿ, "ಪಥ್ಯ ಏನರ ಐತೇನವಾ?" ಎಂದ.

"ಐತಿ. ನಾ ಕೇಳಿದಾಗಷ್ಟ ಮಾತಾಡಬೇಕು."

ಇಂಥ ಪಥ್ಯ ಯಾವ ಮಾಸಿಕದಲ್ಲೂ ಇರಲಿಲ್ಲ. ಆದರೂ ಹೆಮ್ಮೆಯಿಂದ ತಲೆಯಾಡಿಸಿದೆ. ಬಾಯಿ ತೆರೆಯಲು ಅಪ್ಪಣೆ ಇರಲಿಲ್ಲವಲ್ಲ.